ಫ್ಲಟರ್‌ನಲ್ಲಿ ಕನ್ನಡ ಕ್ರಿಪ್ಟೋ ವಾಲೆಟ್ ಮಾಡುತ್ತಿದ್ದೇವೆ, ಅನುಭವ ಇರುವವರು ಸ್ವಲ್ಪ ನೋಡಿ

ಗೊರೂರು_ರಸ್ತೆ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಮೂರು ಜನ ಸೇರಿ ಸಣ್ಣಪುಟ್ಟ ಆ್ಯಪ್ ಮಾಡಿಕೊಡುತ್ತೇವೆ. ಹೋಮ್‌ಸ್ಟೇ ಬುಕಿಂಗ್, ಹಾಲಿನ ಡೈರಿ ಲೆಕ್ಕ, ಅಂಥವು. ಎಲ್ಲಾ ಫ್ಲಟರ್‌ನಲ್ಲೇ (ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಾಧನ, ಡಾರ್ಟ್ ಭಾಷೆಯಲ್ಲಿ ಬರೆಯೋದು). ಈಗ ಒಂದು ಕ್ರಿಪ್ಟೋ ವಾಲೆಟ್ ಕೈಗೆತ್ತಿಕೊಂಡಿದ್ದೇವೆ. ಬಿಟ್‌ಕಾಯಿನ್, ಎಥೀರಿಯಂ ಎರಡೇ. ಹಣ ಕಳಿಸಲು ಬೇಕಾದ ಗುಪ್ತ ಕೀ, ಆ್ಯಪ್ ಬಳಸುವವರ ಫೋನಿನಲ್ಲೇ ಇರುತ್ತದೆ, ನಮ್ಮ ಸರ್ವರ್‌ಗೆ ಏನೂ ಬರುವುದಿಲ್ಲ. ಆ್ಯಪ್ ಪೂರ್ತಿ ಕನ್ನಡದಲ್ಲಿ ಇರುತ್ತದೆ.

ಇದಕ್ಕೆ ಕಾರಣ ಇದೆ. ನಮ್ಮ ಸುತ್ತಮುತ್ತ ಬಿಟ್‌ಕಾಯಿನ್ ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಸುಮಾರು ಜನ ಕೊಂಡದ್ದನ್ನು ಎಕ್ಸ್‌ಚೇಂಜ್‌ನಲ್ಲೇ (ಕಾಯಿನ್ ಮಾರುವ ಕಂಪನಿಯ ಕೈಯಲ್ಲೇ) ಬಿಟ್ಟಿದ್ದಾರೆ. ಸ್ವಂತ ವಾಲೆಟ್ ಮಾಡಿಕೊಳ್ಳಿ ಅಂದರೆ ಮಾಡಿಕೊಳ್ಳುತ್ತಾರೆ, ಆದರೆ ಎಚ್ಚರಿಕೆಯ ಮಾತೆಲ್ಲ ಇಂಗ್ಲಿಷ್‌ನಲ್ಲಿ ಇರುತ್ತದೆ. ಓದದೆ ಮುಂದೆ, ಮುಂದೆ ಅಂತ ಒತ್ತಿಬಿಡುತ್ತಾರೆ. ಸೀಡ್ ಪದ, ಅಂದರೆ ವಾಲೆಟ್ ವಾಪಸ್ ತರಲು ಬೇಕಾದ 12 ಅಥವಾ 24 ಇಂಗ್ಲಿಷ್ ಪದಗಳನ್ನು, ಬರೆದಿಟ್ಟುಕೊಳ್ಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಫೋನ್ ಕೆಟ್ಟರೆ ಹಣ ಹೋಯಿತು.

ಮೊದಲ ಪರದೆಗಳು ಆಗಿವೆ. ಟೆಸ್ಟ್‌ನೆಟ್‌ನಲ್ಲಿ (ಅಸಲಿ ಹಣ ಇಲ್ಲದ ಪರೀಕ್ಷೆಯ ನೆಟ್‌ವರ್ಕ್) ಕಳಿಸೋದು, ಪಡೆಯೋದು ಎರಡೂ ನಡೆಯುತ್ತಿದೆ. ಇನ್ನೂ ಮುಂದೆ ಹೋಗುವ ಮೊದಲು ಕೇಳೋಣ ಅಂತ. ಫ್ಲಟರ್‌ನಲ್ಲೇ ಮುಂದುವರಿಯಬಹುದಾ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವ ರಿಯಾಕ್ಟ್ ನೇಟಿವ್‌ಗೆ ಹೋಗಬೇಕಾ? ಸೀಡ್ ಎಲ್ಲಿ, ಹೇಗೆ ಇಡಬೇಕು? ಸ್ಟೋರ್‌ನಲ್ಲಿ ಹಾಕುವಾಗ ಏನಾದರೂ ತೊಡಕು ಇದೆಯಾ?

ರತ್ನಗಿರಿ_ಬೋರೆ, ಚಿಕ್ಕಮಗಳೂರು

ನಾನು ರಿಯಾಕ್ಟ್ ನೇಟಿವ್‌ನಲ್ಲೇ ಅನ್ನ ತಿನ್ನುವವನು. ಆದರೂ ನಿಮಗೆ ಫ್ಲಟರ್ ಬಿಡಬೇಡಿ ಅಂತಲೇ ಹೇಳುತ್ತೇನೆ.

ಜಾವಾಸ್ಕ್ರಿಪ್ಟ್ ಕಡೆ ಲೈಬ್ರರಿಗಳು ಗಟ್ಟಿ. ಈಥರ್ಸ್, ವಿಯೆಮ್ ಎರಡನ್ನೂ ಲೋಕವೆಲ್ಲಾ ಬಳಸುತ್ತದೆ. ಡಾರ್ಟ್‌ನಲ್ಲಿ ವೆಬ್3ಡಾರ್ಟ್ ಇದೆ, ಕೆಲಸ ಆಗುತ್ತದೆ, ಆದರೆ ನೋಡಿಕೊಳ್ಳುವ ಕೈಗಳು ಕಡಿಮೆ. ಅಷ್ಟು ಮಟ್ಟಿಗೆ ನಮ್ಮ ಕಡೆಯೇ ಮೇಲು.

ಆದರೆ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ ಎನ್‌ಪಿಎಂ ವಿಷಯ ಇದೆಯಲ್ಲ. ಒಂದು ಪ್ಯಾಕೇಜ್ ಹಾಕಿದರೆ ಅದರ ಹಿಂದೆ ನೂರಾರು ಬರುತ್ತವೆ. 2018ರಲ್ಲಿ ಈವೆಂಟ್-ಸ್ಟ್ರೀಮ್ ಅನ್ನುವ ಪ್ಯಾಕೇಜ್ ಒಳಗೆ ಯಾರೋ ಕೆಟ್ಟ ಕೋಡ್ ತುರುಕಿದರು. ಅದರ ಗುರಿ ಕೋಪೇ ಅನ್ನುವ ಬಿಟ್‌ಕಾಯಿನ್ ವಾಲೆಟ್. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ಥರದ ಎಲ್ಲರೂ ಬಳಸುವ ಪ್ಯಾಕೇಜ್‌ಗಳಿಗೇ ಹಾಗಾಯಿತು. ನೋಡಿಕೊಳ್ಳುತ್ತಿದ್ದವರಿಗೆ ಸುಳ್ಳು ಮೇಲ್ ಕಳಿಸಿ ಅಕೌಂಟ್ ಕಿತ್ತುಕೊಂಡು, ವಾಲೆಟ್ ವಿಳಾಸವನ್ನು ಮಧ್ಯದಲ್ಲೇ ಬದಲಾಯಿಸುವ ಕೋಡ್ ಸೇರಿಸಿದ್ದರು. ಡಾರ್ಟ್‌ಗೆ ಹೀಗಾಗುವುದೇ ಇಲ್ಲ ಅಂತಲ್ಲ. ಪ್ಯಾಕೇಜ್ ಸಂಖ್ಯೆ ಕಡಿಮೆ ಇದ್ದರೆ ಕೂತು ಓದಬಹುದು, ಅಷ್ಟೇ. ಮೂರು ಜನದ ತಂಡಕ್ಕೆ ಅದು ದೊಡ್ಡ ವಿಷಯ. ಲಾಕ್ ಫೈಲ್ (ಯಾವ ಪ್ಯಾಕೇಜ್‌ನ ಯಾವ ವರ್ಷನ್ ಅನ್ನುವ ಪಟ್ಟಿ) ಗಿಟ್‌ಗೆ ಹಾಕಿ, ವರ್ಷನ್ ಗಟ್ಟಿ ಮಾಡಿ, ಅಪ್‌ಡೇಟ್ ಬಂದ ದಿನವೇ ಎಳೆದುಕೊಳ್ಳಬೇಡಿ.

ಇನ್ನೊಂದು ವಿಷಯ ಸಂಖ್ಯೆಗಳದ್ದು. ಒಂದು ಈಥರ್ (ಎಥೀರಿಯಂನ ನಾಣ್ಯ) ಅಂದರೆ 1ರ ಮುಂದೆ 18 ಸೊನ್ನೆ ಇರುವಷ್ಟು ವೇ, ಅದರ ಅತಿ ಸಣ್ಣ ಚಿಲ್ಲರೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ 0.009 ಈಥರ್ ದಾಟಿದರೆ ತಪ್ಪು ಹೇಳಲು ಶುರು ಮಾಡುತ್ತದೆ. ಡಾರ್ಟ್‌ನ ಇಂಟ್ (ಪೂರ್ಣ ಸಂಖ್ಯೆ) ಫೋನಿನಲ್ಲಿ 64 ಬಿಟ್, ಹಾಗಾಗಿ 9.2 ಈಥರ್ ತನಕ ಸುಮ್ನೆ ಸರಿ ತೋರಿಸುತ್ತದೆ. ಅದೇ ಅಪಾಯ. ಟೆಸ್ಟ್‌ನೆಟ್‌ನಲ್ಲಿ ಚಿಲ್ಲರೆ ಮೊತ್ತ ಹಾಕಿ ನೋಡುತ್ತೀರಿ, ಎಲ್ಲಾ ಪಾಸ್. ಹತ್ತು ಈಥರ್ ಬಂದ ದಿನ ಬ್ಯಾಲೆನ್ಸ್ ಮೈನಸ್ ಆಗುತ್ತದೆ, ಎರರ್ ಕೂಡ ಬರುವುದಿಲ್ಲ. ಮೊದಲ ಸಾಲಿನಿಂದಲೇ ಬಿಗ್‌ಇಂಟ್ (ಎಷ್ಟು ದೊಡ್ಡ ಪೂರ್ಣ ಸಂಖ್ಯೆಯನ್ನೂ ಹಿಡಿಯುವುದು) ಬಳಸಿ. ದಶಮಾಂಶದ ಡಬಲ್ ಅಂತೂ ಹಣದ ಹತ್ತಿರವೇ ಬರಬಾರದು.

ಗೊರೂರು_ರಸ್ತೆ, ಹಾಸನ

ಥ್ಯಾಂಕ್ಸ್ ಗುರು. ಬ್ಯಾಲೆನ್ಸ್ ಬಿಗ್‌ಇಂಟ್‌ನಲ್ಲೇ ಇದೆ. ಆದರೆ ಬಳಸುವವರು ಮೊತ್ತ ಟೈಪ್ ಮಾಡುವ ಕಡೆ ಪಾರ್ಸ್ ಮಾಡೋದು (ಅದನ್ನು ಸಂಖ್ಯೆಯಾಗಿ ಓದೋದು) ಹೇಗೆ? ಡಬಲ್‌ಗೆ ತಿರುಗಿಸಿ ಗುಣಿಸುವುದು ಬೇಡ ಅಂದರೆ?

ರತ್ನಗಿರಿ_ಬೋರೆ, ಚಿಕ್ಕಮಗಳೂರು

ಟೈಪ್ ಮಾಡಿದ್ದನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಇಟ್ಟುಕೊಳ್ಳಿ. ಚುಕ್ಕಿಯ ಹತ್ತಿರ ಎರಡು ತುಂಡು ಮಾಡಿ. ಬಲಗಡೆಗೆ 18 ಅಂಕಿ ಆಗುವಷ್ಟು ಸೊನ್ನೆ ತುಂಬಿಸಿ, ಎರಡನ್ನೂ ಜೋಡಿಸಿ ಬಿಗ್‌ಇಂಟ್ ಮಾಡಿ. ಬಿಟ್‌ಕಾಯಿನ್‌ಗೆ 8 ಅಂಕಿ. ಅದಕ್ಕಿಂತ ಜಾಸ್ತಿ ಅಂಕಿ ಹೊಡೆದರೆ ಕತ್ತರಿಸಬೇಡಿ, ತಪ್ಪು ಅಂತ ತೋರಿಸಿ.

ಮೂಡಿಗೆರೆ_ಮಳೆ, ಮೂಡಿಗೆರೆ

ಮನೆಯಿಂದ ಕೆಲಸ ಮಾಡುವ ಸೆಕ್ಯುರಿಟಿ ಎಂಜಿನಿಯರ್ ನಾನು. ಇನ್ನೊಬ್ಬರ ವಾಲೆಟ್ ಕೋಡ್ ಓದಿ ತೂತು ಹುಡುಕುವುದು ನನ್ನ ಕೆಲಸದ ಒಂದು ಭಾಗ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಫ್ರೇಮ್‌ವರ್ಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೈ ಪಳಗಿದ್ದು ಫ್ಲಟರ್ ಅಂದಮೇಲೆ ಅದೇ ಸಾಕು. ವಾಲೆಟ್‌ನ ಅಸಲಿ ಕೆಲಸ ಆ 12 ಸೀಡ್ ಪದಗಳದ್ದು. ಅವು ಎಲ್ಲಿ ಹುಟ್ಟುತ್ತವೆ, ಎಲ್ಲೆಲ್ಲಿ ಓಡಾಡುತ್ತವೆ, ಎಲ್ಲಿ ಉಳಿದುಬಿಡುತ್ತವೆ, ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ನಿಮ್ಮ ತಂಡದ ಮೂವರಿಗೂ ಅದು ಬಾಯಿಪಾಠ ಬರಬೇಕು.

ಹುಟ್ಟುವ ಕಡೆಯಿಂದ ನೋಡೋಣ. 12 ಪದ ಅಂದರೆ 128 ಬಿಟ್ ಯಾದೃಚ್ಛಿಕ ಸಂಖ್ಯೆ, ಜೊತೆಗೆ ತಪ್ಪು ಹಿಡಿಯಲು 4 ಬಿಟ್ ಚೆಕ್‌ಸಮ್. ಆ 128 ಬಿಟ್ ಕಳಪೆ ಆದರೆ ಮುಂದಿನದ್ದೆಲ್ಲ ವ್ಯರ್ಥ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಯಾದೃಚ್ಛಿಕ ಸಂಖ್ಯೆ ಕೊಡುವ ಸೆಕ್ಯೂರ್‌ರ್‍ಯಾಂಡಮ್ ಒಳಗಿನ ದೋಷದಿಂದ ಬಿಟ್‌ಕಾಯಿನ್ ವಾಲೆಟ್‌ಗಳಿಗೆ ಪೆಟ್ಟು ಬಿತ್ತು. 2022ರ ನವೆಂಬರ್‌ನಲ್ಲಿ ಟ್ರಸ್ಟ್ ವಾಲೆಟ್‌ನ ಬ್ರೌಸರ್ ಎಕ್ಸ್‌ಟೆನ್ಷನ್, 2023ರಲ್ಲಿ ಲಿಬ್‌ಬಿಟ್‌ಕಾಯಿನ್‌ನ ಬಿಎಕ್ಸ್ ಟೂಲ್. ಎರಡರಲ್ಲೂ ಒಂದೇ ರೋಗ. ಮರ್ಸೆನ್ ಟ್ವಿಸ್ಟರ್ ಅನ್ನುವ ಜನರೇಟರ್‌ಗೆ 32 ಬಿಟ್ ಬೀಜ (ಶುರು ಮಾಡುವ ಸಂಖ್ಯೆ) ಕೊಟ್ಟಿದ್ದರು. ಆಗ ಹುಟ್ಟಬಹುದಾದ ವಾಲೆಟ್ ಒಟ್ಟು 429 ಕೋಟಿ ಮಾತ್ರ. ಕೇಳೋಕೆ ದೊಡ್ಡ ಸಂಖ್ಯೆ, ಆದರೆ ಒಂದು ಒಳ್ಳೆ ಕಂಪ್ಯೂಟರ್ ಅಷ್ಟನ್ನೂ ತಿರುವಿ ಹಾಕುತ್ತದೆ. ಪದಗಳ ಪಟ್ಟಿ ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಡಾರ್ಟ್‌ನಲ್ಲಿ ರ್‍ಯಾಂಡಮ್ ಅಂತ ಒಂದಿದೆ, ರ್‍ಯಾಂಡಮ್.ಸೆಕ್ಯೂರ್ ಅಂತ ಇನ್ನೊಂದಿದೆ. ಎರಡನೆಯದು ಮಾತ್ರ. ನಿಮ್ಮ ಕೋಡ್‌ನಲ್ಲಷ್ಟೇ ನೋಡಿದರೆ ಸಾಲದು, ನೀವು ಎಳೆದುಕೊಂಡ ಪ್ಯಾಕೇಜ್ ಒಳಗೂ ಹುಡುಕಿ.

ಇಡುವ ಜಾಗ: ಆಂಡ್ರಾಯ್ಡ್‌ನಲ್ಲಿ ಕೀಸ್ಟೋರ್, ಐಫೋನ್‌ನಲ್ಲಿ ಕೀಚೈನ್, ಎರಡೂ ಗುಟ್ಟಿನ ಮಾಹಿತಿಗೆ ಬೀಗ ಹಾಕಿಡುವ ವ್ಯವಸ್ಥೆ. ಫ್ಲಟರ್ ಸೆಕ್ಯೂರ್ ಸ್ಟೋರೇಜ್ ಪ್ಯಾಕೇಜ್ ಎರಡನ್ನೂ ಬಳಸುತ್ತದೆ. ಆದರೆ ಅದನ್ನು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಆಂಡ್ರಾಯ್ಡ್ ಆಟೋ ಬ್ಯಾಕಪ್ ತಾನಾಗಿಯೇ ಆನ್ ಇರುತ್ತದೆ. ಗುಪ್ತ ಮಾಡಿದ ಸೀಡ್ ಗೂಗಲ್ ಡ್ರೈವ್‌ಗೆ ಹೋಗುತ್ತದೆ, ಅದನ್ನು ಬಿಚ್ಚುವ ಕೀ ಹಳೇ ಫೋನಿನಲ್ಲೇ ಉಳಿಯುತ್ತದೆ. ಹೊಸ ಫೋನ್‌ಗೆ ರೀಸ್ಟೋರ್ ಆದಾಗ ಆ್ಯಪ್ ತೆರೆದ ತಕ್ಷಣ ಬೀಳುತ್ತದೆ. ಆ್ಯಪ್‌ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಬ್ಯಾಕಪ್ ನಿಲ್ಲಿಸಿ. ಆಂಡ್ರಾಯ್ಡ್ 12ರಿಂದ ಈಚೆಗೆ ಫೋನಿನಿಂದ ಫೋನಿಗೆ ಹೋಗುವ ಡೇಟಾಕ್ಕೆ ಬೇರೆ ನಿಯಮದ ಫೈಲ್ ಇದೆ, ಅದರಲ್ಲೂ ಹೊರಗಿಡಿ. ಐಫೋನ್‌ನಲ್ಲಿ ತದ್ವಿರುದ್ಧ. ಆ್ಯಪ್ ಅಳಿಸಿದರೂ ಕೀಚೈನ್‌ನಲ್ಲಿ ಸೀಡ್ ಉಳಿಯುತ್ತದೆ. ಫೋನ್ ಮಾರುವ ಮುಂಚೆ ಆ್ಯಪ್ ತೆಗೆದಿದ್ದೇನೆ, ಎಲ್ಲಾ ಹೋಯಿತು ಅಂತ ಜನ ನಂಬುತ್ತಾರೆ. ಹಾಗಾಗಿ ಆ್ಯಪ್ ಒಳಗೇ 'ವಾಲೆಟ್ ಅಳಿಸಿ' ಅನ್ನುವ ಬಟನ್ ಬೇಕು.

ಬೆರಳಚ್ಚಿಗೆ ಕಟ್ಟಿದ ಕೀ ಬಗ್ಗೆ ಒಂದು ಮಾತು. ಫೋನಿಗೆ ಹೊಸ ಬೆರಳು ಸೇರಿಸಿದರೆ ಹಳೇ ಕೀ ಸತ್ತುಹೋಗುವ ಹಾಗೆ ಇಡಬಹುದು, ಇಡಬೇಕು ಕೂಡ. ಆದರೆ ಆಮೇಲೆ ಸೀಡ್ ಪದ ಹಾಕಿಯೇ ವಾಪಸ್ ಬರಬೇಕಾಗುತ್ತದೆ. ಇದನ್ನು ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಿ.

ಸೀಡ್ ಸೋರುವ ಜಾಗಗಳ ಬಗ್ಗೆ ಸಂಜೆ ಬರೆಯುತ್ತೇನೆ. ಇಲ್ಲಿ ಕರೆಂಟ್ ಹೋಗಿದೆ, ಯುಪಿಎಸ್ ಜಾಸ್ತಿ ಹೊತ್ತು ಬರುವುದಿಲ್ಲ.

ಫೈನಲ್_ಇಯರ್, ಹಾಸನ

ಅಕ್ಕ, ಒಂದು ಅನುಮಾನ. ಸೀಡ್ ಹೊರಗೆ ತೆಗೆಯೋದೇ ಬೇಡ, ಐಫೋನ್‌ನ ಸೆಕ್ಯೂರ್ ಎನ್‌ಕ್ಲೇವ್ (ಕೀ ಕಾಯುವ ಚಿಪ್ ಭಾಗ) ಒಳಗೇ ಸೈನ್ (ಹಣ ಕಳಿಸಲು ಕೀಯಿಂದ ಸಹಿ) ಮಾಡಿಸಿದರೆ ಆಗಲ್ವಾ? ನಮ್ಮ ಪ್ರಾಜೆಕ್ಟ್ ಗೈಡ್ ಹಾಗೇ ಮಾಡಿ ಅಂತಿದ್ದಾರೆ.

ಮೂಡಿಗೆರೆ_ಮಳೆ, ಮೂಡಿಗೆರೆ

ಯೋಚನೆ ಸರಿಯಾಗಿದೆ, ಹಾರ್ಡ್‌ವೇರ್ ಬಿಡುವುದಿಲ್ಲ. ಬಿಟ್‌ಕಾಯಿನ್, ಎಥೀರಿಯಂ ಎರಡೂ ಸೆಕ್‌ಪಿ256ಕೆ1 ಅನ್ನುವ ಕರ್ವ್ (ಸಹಿಯ ಹಿಂದಿನ ಗಣಿತ) ಬಳಸುತ್ತವೆ. ಸೆಕ್ಯೂರ್ ಎನ್‌ಕ್ಲೇವ್‌ಗೆ ಗೊತ್ತಿರುವುದು ಪಿ-256 ಕರ್ವ್. ಹೆಸರು ಹತ್ತಿರ ಇದೆ, ಕರ್ವ್ ಬೇರೆ. ಹಾಗಾಗಿ ಎನ್‌ಕ್ಲೇವ್ ಒಳಗಿನ ಕೀ ಬಳಸಿ ಸೀಡ್‌ಗೆ ಬೀಗ ಹಾಕಬಹುದು. ಸೈನ್ ಮಾಡುವ ಒಂದು ಕ್ಷಣ ಸೀಡ್ ಮೆಮೊರಿಗೆ ಬಂದೇ ಬರುತ್ತದೆ.

ಆ ಒಂದು ಕ್ಷಣವನ್ನು ಎಷ್ಟು ಚಿಕ್ಕದು ಮಾಡಬಹುದು ಅನ್ನುವುದರ ಮೇಲೆ ಕೆಲಸ ಮಾಡಿ. ಡಾರ್ಟ್ ಸ್ಟ್ರಿಂಗ್ ಅಳಿಸಲು ಬರುವುದಿಲ್ಲ. ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಬಂದಾಗ ಹೋಗುತ್ತದೆ, ಅಲ್ಲಿಯವರೆಗೆ ಅಲ್ಲೇ ಬಿದ್ದಿರುತ್ತದೆ. ಬೈಟ್ ಪಟ್ಟಿಯಲ್ಲಿ ಇಟ್ಟುಕೊಂಡರೆ ಕೆಲಸ ಮುಗಿದ ಮೇಲೆ ಸೊನ್ನೆ ತುಂಬಬಹುದು. ಇನ್ನೂ ಗಟ್ಟಿ ಬೇಕು ಅಂದರೆ ಕೀ ಕೆಲಸವೆಲ್ಲ ರಸ್ಟ್‌ನಲ್ಲೋ ಸಿ ಪ್ಲಸ್ ಪ್ಲಸ್‌ನಲ್ಲೋ ಮಾಡಿ ಎಫ್‌ಎಫ್‌ಐ (ಬೇರೆ ಭಾಷೆಯ ಕೋಡ್ ಕರೆಯುವ ದಾರಿ) ಮೂಲಕ ಕರೆಯಿರಿ. ಬಿಟ್‌ಕಾಯಿನ್‌ಗೆ ಬಿಡಿಕೆ ಅನ್ನುವ ಲೈಬ್ರರಿ ಇದೆ, ಹಲವು ಕಾಯಿನ್‌ಗೆ ಟ್ರಸ್ಟ್ ವಾಲೆಟ್‌ನವರ ವಾಲೆಟ್ ಕೋರ್ ಇದೆ. ಎರಡೂ ಓಪನ್ ಸೋರ್ಸ್. ಸ್ವಂತವಾಗಿ ಕರ್ವ್ ಗಣಿತ ಬರೆಯಲು ಹೋಗಬೇಡಿ.

ಸಕಲೇಶಪುರ_ಘಾಟ್, ಸಕಲೇಶಪುರ

ಟೆಸ್ಟಿಂಗ್ ಮಾಡುವವನು ನಾನು. ನಮ್ಮ ಕಡೆ ಜನರಿಗೆ ವಾಲೆಟ್ ಕೊಡುತ್ತೀರಿ ಅಂದರೆ ನೆಟ್‌ವರ್ಕ್ ವಿಷಯ ಮೊದಲು ನೋಡಿ. ಬೆಂಗಳೂರಿನಲ್ಲಿ ಕೂತು ಮಾಡಿದ ಆ್ಯಪ್‌ಗಳು ಇಲ್ಲೇ ಸೋಲುವುದು.

ಮಳೆಗಾಲದಲ್ಲಿ ತೋಟದ ರೈಟರ್ ಒಬ್ಬರ ಫೋನ್ ಹಿಡಿದು ಒಂದು ವಾಲೆಟ್ ಆ್ಯಪ್ ನೋಡಿದ್ದೆ, ಟೆಸ್ಟ್‌ನೆಟ್ ಹಣದಲ್ಲಿ. 'ಕಳಿಸಿ' ಒತ್ತಿದರು. ಸಿಗ್ನಲ್ ಒಂದು ಕಡ್ಡಿ ಇತ್ತು. ಚಕ್ರ ತಿರುಗಿತು, ತಿರುಗಿತು, ಆಮೇಲೆ 'ವಿಫಲವಾಗಿದೆ' ಅಂತ ಬಂತು. ಅವರು ಮತ್ತೆ ಒತ್ತಿದರು. ಕಾಫಿ ಕಣದ ಹತ್ತಿರ ಸಿಗ್ನಲ್ ಸಿಗುತ್ತದೆ ಅಂತ ಹೋಗಿ ನೋಡಿದರೆ ಎರಡು ಸಲ ಹೋಗಿತ್ತು. ಮೊದಲನೆಯದು ನಿಜಕ್ಕೂ ನೆಟ್‌ವರ್ಕ್‌ಗೆ ತಲುಪಿತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ. ಅಸಲಿ ಹಣ ಆಗಿದ್ದರೆ?

ಗೊರೂರು_ರಸ್ತೆ, ಹಾಸನ

ಅಯ್ಯೋ, ನಮ್ಮಲ್ಲೂ ಈಗ ಹಾಗೇ ಇದೆ. ಟೈಮ್‌ಔಟ್ ಆದರೆ 'ಮತ್ತೆ ಪ್ರಯತ್ನಿಸಿ' ಬರುತ್ತದೆ, ಒತ್ತಿದರೆ ಹೊಸದಾಗಿ ಟ್ರಾನ್ಸಾಕ್ಷನ್ ಕಟ್ಟುತ್ತದೆ. ಏನು ಮಾಡಬೇಕು?

ಸಕಲೇಶಪುರ_ಘಾಟ್, ಸಕಲೇಶಪುರ

ಸೈನ್ ಮಾಡೋದು, ಕಳಿಸೋದು ಎರಡನ್ನೂ ಬೇರೆ ಬೇರೆ ಮಾಡಿ. ಸೈನ್ ಮಾಡಲು ನೆಟ್ ಬೇಕಾಗಿಯೇ ಇಲ್ಲ, ಎಥೀರಿಯಂನಲ್ಲಿ ನಾನ್ಸ್ (ಆ ಖಾತೆಯ ಪಾವತಿಯ ಕ್ರಮಸಂಖ್ಯೆ) ಮತ್ತು ಗ್ಯಾಸ್ ದರ (ಶುಲ್ಕದ ದರ) ಗೊತ್ತಿದ್ದರೆ ಆಯಿತು. ಸೈನ್ ಆದ ತಕ್ಷಣ ಆ ಕಚ್ಚಾ ಟ್ರಾನ್ಸಾಕ್ಷನ್ ಮತ್ತು ಅದರ ಹ್ಯಾಶ್ (ಗುರುತಿನ ಸಂಖ್ಯೆ) ಎರಡನ್ನೂ ಫೋನಿನ ಡೇಟಾಬೇಸ್‌ಗೆ ಬರೆಯಿರಿ. ಆಮೇಲೆ ಕಳಿಸಿ. ಟೈಮ್‌ಔಟ್ ಆದರೆ ಅದೇ ಬೈಟ್‌ಗಳನ್ನು ಮತ್ತೆ ಕಳಿಸಿ. ಹ್ಯಾಶ್ ಒಂದೇ ಆಗಿರುವುದರಿಂದ ಎಷ್ಟು ಸಲ ಕಳಿಸಿದರೂ ಹಣ ಹೋಗುವುದು ಒಂದೇ ಸಲ. ನೆಟ್‌ವರ್ಕ್‌ನ ಕಂಪ್ಯೂಟರ್, ಅಂದರೆ ನೋಡ್, 'ಇದು ಆಗಲೇ ಬಂದಿದೆ' ಅನ್ನುತ್ತದೆ. ಅದನ್ನು ಎರರ್ ಅಂತ ತೋರಿಸಬೇಡಿ, ಅದು ಸಿಹಿ ಸುದ್ದಿ.

ಎಥೀರಿಯಂನಲ್ಲಿ ಎರಡನೇ ಸಲ ಹೊಸ ನಾನ್ಸ್ ಎತ್ತಿಕೊಂಡರೆ ಎರಡು ಪಾವತಿ. ಬಿಟ್‌ಕಾಯಿನ್‌ನಲ್ಲಿ ಎರಡನೇ ಸಲ ಬೇರೆ ಯುಟಿಎಕ್ಸ್‌ಓ (ಬಂದು ಇನ್ನೂ ಖರ್ಚಾಗದ ಮೊತ್ತ) ಎತ್ತಿಕೊಂಡರೂ ಹಾಗೇ. ಶುಲ್ಕ ಕಡಿಮೆಯಾಗಿ ಸಿಕ್ಕಿಹಾಕಿಕೊಂಡರೆ ಅದೇ ನಾನ್ಸ್ ಇಟ್ಟು ಶುಲ್ಕ ಏರಿಸಿ ಕಳಿಸುವ ಬಟನ್ ಕೊಡಿ.

ಪರದೆಯಲ್ಲಿ 'ವಿಫಲ' ಅನ್ನುವ ಮಾತನ್ನು ಪಕ್ಕಾ ಗೊತ್ತಿದ್ದಾಗ ಮಾತ್ರ ಹಾಕಿ. ಗೊತ್ತಿಲ್ಲದಾಗ 'ಸಿಗ್ನಲ್ ಬಂದ ಮೇಲೆ ತಿಳಿಸುತ್ತೇವೆ, ಮತ್ತೆ ಕಳಿಸಬೇಡಿ' ಅನ್ನಿ. ಟೆಸ್ಟ್ ಮಾಡುವಾಗ ಫೋನ್ ತಗೊಂಡು ಶಿರಾಡಿ ಘಾಟಿ ಕಡೆ ಹೋಗಿ ಬನ್ನಿ, ಏರ್‌ಪ್ಲೇನ್ ಮೋಡ್ ಹಾಕಿ ನೋಡಿದರೆ ಇದು ಸಿಗುವುದಿಲ್ಲ. ಅರ್ಧ ಸಿಗ್ನಲ್ ಇರುವ ಜಾಗವೇ ಬೇಕು.

ಬೇಲೂರು_ದಾರಿಹೋಕ, ಬೇಲೂರು

ತಾಂತ್ರಿಕ ಮಾತು ನನಗೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ಕೇಳಲೇಬೇಕು. ನಮ್ಮ ಹಳ್ಳಿ ಕಡೆ ಕಾಯಿನ್ ಹೆಸರಲ್ಲಿ ದುಡ್ಡು ಕಳೆದುಕೊಂಡವರು ಇದ್ದಾರೆ. ಕನ್ನಡದಲ್ಲಿ ಚಂದದ ಆ್ಯಪ್ ಬಂದರೆ ಇನ್ನಷ್ಟು ಜನ ಬೀಳುತ್ತಾರೆ ಅಲ್ವಾ? ಶುಂಠಿ ದುಡ್ಡು ಬಂದಾಗ ಯಾರೋ ಬಂದು ಡಬಲ್ ಆಗುತ್ತದೆ ಅಂದರೆ ನಂಬುವ ಜನ ನಮ್ಮವರು.

ಗೊರೂರು_ರಸ್ತೆ, ಹಾಸನ

ನೀವು ಕೇಳಿದ್ದು ನ್ಯಾಯವಾಗಿದೆ ಸರ್. ನಾವೂ ಇದನ್ನು ಮಾತಾಡಿಕೊಂಡಿದ್ದೇವೆ. ನಮ್ಮ ಆ್ಯಪ್‌ನಲ್ಲಿ ಕೊಳ್ಳುವ ಬಟನ್ ಇಲ್ಲ. ಬೆಲೆ ಏರಿತು ಇಳಿಯಿತು ಅನ್ನುವ ನೋಟಿಫಿಕೇಶನ್ ಇಲ್ಲ. ಸ್ನೇಹಿತರನ್ನು ಸೇರಿಸಿ ಬಹುಮಾನ ಪಡೆಯಿರಿ ಅನ್ನುವುದು ಯಾವತ್ತೂ ಬರುವುದಿಲ್ಲ. ಆಗಲೇ ಕೊಂಡಿರುವವರು ಜೋಪಾನವಾಗಿ ಇಟ್ಟುಕೊಳ್ಳಲಿ ಅನ್ನುವುದಷ್ಟೇ ಆಸೆ. ಕನ್ನಡದಲ್ಲಿ ಎಚ್ಚರಿಕೆ ಇದ್ದರೆ ಮೋಸ ಹೋಗುವವರು ಕಡಿಮೆ ಆಗುತ್ತಾರೆ ಅಂತ ನಾನು ಮನಸಾರೆ ನಂಬಿದ್ದೇನೆ.

ಬೇಲೂರು_ದಾರಿಹೋಕ, ಬೇಲೂರು

ಹಾಗಾದರೆ ಒಂದು ಕೆಲಸ ಮಾಡಿ. 'ಈ ಪದಗಳನ್ನು ಯಾರು ಕೇಳಿದರೂ ಕೊಡಬೇಡಿ, ನಾವೇ ಫೋನ್ ಮಾಡಿ ಕೇಳಿದರೂ ಕೊಡಬೇಡಿ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿ. ಕಾಗದದಲ್ಲಿ ಬರೆದು ಜಮೀನಿನ ಪತ್ರ ಇಡುವ ಜಾಗದಲ್ಲಿ ಇಡಿ ಅನ್ನಿ. ಸುರಕ್ಷಿತ ಸ್ಥಳದಲ್ಲಿ ಸಂಗ್ರಹಿಸಿ ಅಂದರೆ ಯಾರಿಗೂ ತಟ್ಟುವುದಿಲ್ಲ.

ಗೊರೂರು_ರಸ್ತೆ, ಹಾಸನ

ಈ ಎರಡು ವಾಕ್ಯಗಳನ್ನು ಹಾಗೇ ತಗೊಳ್ಳುತ್ತೇನೆ ಸರ್.

ಮೂಡಿಗೆರೆ_ಮಳೆ, ಮೂಡಿಗೆರೆ

ಕರೆಂಟ್ ಬಂತು. ಸೋರುವ ಜಾಗಗಳು.

ಲಾಗ್ (ಆ್ಯಪ್ ಬರೆದಿಡುವ ದಾಖಲೆ). 2022ರ ಆಗಸ್ಟ್‌ನಲ್ಲಿ ಸೊಲಾನಾ ಅನ್ನುವ ಇನ್ನೊಂದು ಕ್ರಿಪ್ಟೋದ ಸಾವಿರಾರು ವಾಲೆಟ್ ಖಾಲಿ ಆದವು. ಹುಡುಕುತ್ತಾ ಹೋದಾಗ ಸ್ಲೋಪ್ ಅನ್ನುವ ಮೊಬೈಲ್ ವಾಲೆಟ್ ಸೀಡ್ ಪದಗಳನ್ನು ಹಾಗೇ ಲಾಗ್ ಸರ್ವರ್‌ಗೆ ಕಳಿಸುತ್ತಿದ್ದದ್ದು ಸಿಕ್ಕಿತು. ಕ್ರ್ಯಾಶ್ ರಿಪೋರ್ಟ್ ಟೂಲ್ ಹಾಕುವ ಮುಂಚೆ ಹತ್ತು ಸಲ ಯೋಚಿಸಿ. ಸೀಡ್ ಇರುವ ಪರದೆಗಳಲ್ಲಿ ಅದು ಓಡಲೇಬಾರದು.

ಸ್ಕ್ರೀನ್‌ಶಾಟ್. ಜನ ಬರೆಯೋಕೆ ಬೇಜಾರಾಗಿ ಫೋಟೋ ತೆಗೆಯುತ್ತಾರೆ. 2025ರ ಫೆಬ್ರವರಿಯಲ್ಲಿ ಕ್ಯಾಸ್ಪರ್ಸ್ಕಿಯವರು ಸ್ಪಾರ್ಕ್‌ಕ್ಯಾಟ್ ಅನ್ನುವ ಮಾಲ್‌ವೇರ್ ಬಗ್ಗೆ ಬರೆದರು. ಗ್ಯಾಲರಿಯ ಫೋಟೋಗಳನ್ನು ಓದಿ ಸೀಡ್ ಪದ ಹುಡುಕುತ್ತಿತ್ತು. ಅದು ಗೂಗಲ್ ಪ್ಲೇ, ಆ್ಯಪ್ ಸ್ಟೋರ್ ಎರಡರಲ್ಲೂ ಇದ್ದ ಆ್ಯಪ್‌ಗಳ ಒಳಗೇ ಇತ್ತು. ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಗ್ ಸೆಕ್ಯೂರ್ ಅನ್ನುವ ಸೆಟ್ಟಿಂಗ್ ಹಾಕಿದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ. ಐಫೋನ್‌ನಲ್ಲಿ ಹಾಗೆ ನೇರವಾಗಿ ತಡೆಯಲು ಆಗುವುದಿಲ್ಲ, ಆ್ಯಪ್ ಹಿಂದಕ್ಕೆ ಹೋದಾಗ ಪರದೆ ಮುಚ್ಚಿ.

ಕೀಬೋರ್ಡ್. ನಮ್ಮವರಿಗೆ ಇದು ತುಂಬಾ ಮುಖ್ಯ. ಕನ್ನಡ ಟೈಪ್ ಮಾಡಲು ಬಹಳ ಜನ ಬೇರೆ ಕೀಬೋರ್ಡ್ ಹಾಕಿಕೊಂಡಿರುತ್ತಾರೆ. ಅವು ಟೈಪ್ ಮಾಡಿದ್ದನ್ನು ಕಲಿತುಕೊಳ್ಳುತ್ತವೆ. ಸೀಡ್ ಹಾಕುವ ಕಡೆ ಸಿಸ್ಟಂ ಕೀಬೋರ್ಡ್ ಬರಲೇಬಾರದು. ಆ್ಯಪ್ ಒಳಗೇ 26 ಅಕ್ಷರದ ಪುಟ್ಟ ಕೀಬೋರ್ಡ್ ಬಿಡಿಸಿ. ಸೀಡ್ ಪದಗಳ ಅಧಿಕೃತ ಪಟ್ಟಿಯ 2048 ಇಂಗ್ಲಿಷ್ ಪದಗಳಲ್ಲಿ ಪ್ರತಿಯೊಂದೂ ಮೊದಲ ನಾಲ್ಕು ಅಕ್ಷರದಲ್ಲೇ ಬೇರೆಯಾಗುತ್ತದೆ. ಹಾಗಾಗಿ ನಾಲ್ಕು ಒತ್ತಿದರೆ ಸಾಕು, ಪದ ತಾನೇ ಬರುತ್ತದೆ.

ದೂರದಿಂದ ಕೋಡ್ ಬದಲಾಯಿಸುವ ಅಪ್‌ಡೇಟ್ ವ್ಯವಸ್ಥೆ ವಾಲೆಟ್‌ಗೆ ಬೇಡ. ಆ ಸರ್ವರ್ ಯಾರ ಕೈಗೆ ಸಿಕ್ಕಿತೋ ಎಲ್ಲರ ಕೀ ಅವರ ಕೈಗೆ ಸಿಕ್ಕ ಹಾಗೆ.

ಸಕಲೇಶಪುರ_ಘಾಟ್, ಸಕಲೇಶಪುರ

ಕೀಬೋರ್ಡ್ ಅಂದಾಗ ನೆನಪಾಯಿತು. ಅದೇ ರೈಟರ್ ಸೀಡ್ ಪದಗಳನ್ನು ಕಾಗದದಲ್ಲಿ ಬರೆದಿದ್ದರು. ನೀಟಾಗಿ, ನಂಬರ್ ಹಾಕಿ. ಆದರೆ ಕನ್ನಡ ಅಕ್ಷರದಲ್ಲಿ! ಓದಿ ಹೇಳಿಕೊಂಡು ಕಿವಿಗೆ ಕೇಳಿದ ಹಾಗೆ ಬರೆದುಕೊಂಡಿದ್ದರು. ಏಳನೆಯದು 'ರೈಟ್'. ಈಗ ಹೇಳಿ, ಅದು 'ಸರಿ' ಅನ್ನುವ ರೈಟಾ, 'ಬರೆ' ಅನ್ನುವ ರೈಟಾ? ಎರಡೂ ಆ ಪಟ್ಟಿಯಲ್ಲಿ ಇವೆ. 'ಪೀಸ್' ಕೂಡ ಎರಡಿವೆ, ಶಾಂತಿಯದ್ದು ಒಂದು, ತುಂಡಿನದ್ದು ಒಂದು.

ರತ್ನಗಿರಿ_ಬೋರೆ, ಚಿಕ್ಕಮಗಳೂರು

ತಪ್ಪು ಪದ ಹಾಕಿದರೆ ಚೆಕ್‌ಸಮ್ ಹಿಡಿಯುತ್ತದೆ ತಾನೆ?

ಮೂಡಿಗೆರೆ_ಮಳೆ, ಮೂಡಿಗೆರೆ

ಪೂರ್ತಿ ಹಿಡಿಯುವುದಿಲ್ಲ ಮಾರಾಯ್ರೇ. 12 ಪದಕ್ಕೆ ಚೆಕ್‌ಸಮ್ 4 ಬಿಟ್ ಮಾತ್ರ. ತಪ್ಪು ಪದ ಹಾಕಿದರೂ ಸುಮಾರು 16ಕ್ಕೆ ಒಂದು ಸಲ ಪಾಸ್ ಆಗಿಬಿಡುತ್ತದೆ. ಆಗ ಎರರ್ ಬರುವುದಿಲ್ಲ, ಬೇರೆ ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ನನ್ನ ಹಣ ಯಾರೋ ಕದ್ದರು ಅಂದುಕೊಳ್ಳುತ್ತಾರೆ. 24 ಪದಕ್ಕೆ 8 ಬಿಟ್, ಅಂದರೆ 256ಕ್ಕೆ ಒಂದು.

ಆ ರೈಟರ್ ಮಾಡಿದ್ದರಲ್ಲಿ ತಪ್ಪೇನಿಲ್ಲ. ಕನ್ನಡ ಆ್ಯಪ್ ಕೊಟ್ಟು 'ಬರೆದುಕೊಳ್ಳಿ' ಅಂದರೆ ಕನ್ನಡದಲ್ಲೇ ಬರೆಯುತ್ತಾರೆ. ಗೊರೂರು, ನಿಮ್ಮ ಆ್ಯಪ್‌ನಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಸೀಡ್ ಪದಗಳ ಅಧಿಕೃತ ಪಟ್ಟಿ ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲೆಲ್ಲ ಇದೆ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ನೀವೇ ಕನ್ನಡ ಪಟ್ಟಿ ಮಾಡಬಹುದು, ಆದರೆ ಬೇರೆ ಯಾವ ವಾಲೆಟ್ ಕೂಡ ಅದನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಆ್ಯಪ್ ನಿಂತುಹೋದ ದಿನ ಜನರ ಹಣ ಬೀಗ ಬಿದ್ದ ಹಾಗೆ. ದಯವಿಟ್ಟು ಮಾಡಬೇಡಿ.

ಪದದ ಜೊತೆಗೆ ಅದರ ಪಟ್ಟಿಯ ಸಂಖ್ಯೆಯನ್ನೂ ತೋರಿಸಿ. 1ರಿಂದ 2048. ಇಂಗ್ಲಿಷ್ ಬರೆಯಲು ಕಷ್ಟ ಆಗುವವರು ನಾಲ್ಕು ಅಂಕಿ ಬರೆದುಕೊಂಡರೂ ನಡೆಯುತ್ತದೆ. ವಾಪಸ್ ಹಾಕುವಾಗಲೂ ಸಂಖ್ಯೆ ತೆಗೆದುಕೊಳ್ಳುವ ಹಾಗೆ ಮಾಡಿ. ಎಣಿಕೆ 0ಯಿಂದಲ್ಲ, 1ರಿಂದ ಅಂತ ಕಾಗದದ ಮೇಲೆ ಬರೆಸಿ. 'ಅಕ್ಷರ ಅಕ್ಷರವಾಗಿ ಇಂಗ್ಲಿಷ್‌ನಲ್ಲೇ ಬರೆಯಿರಿ' ಅಂತ ಒಂದು ಚಿತ್ರ ಹಾಕಿ ತೋರಿಸಿ. ಬರೆದಾದ ಮೇಲೆ ಎರಡು ಪದ ಕೇಳಿ ಬಿಡಬೇಡಿ, ಹನ್ನೆರಡನ್ನೂ ಕಾಗದ ನೋಡಿ ಹಾಕಿಸಿ. ಬೇಜಾರಾಗಲಿ, ಪರವಾಗಿಲ್ಲ.

ಇನ್ನೊಂದು ಕನ್ನಡದ್ದೇ ವಿಷಯ. ಸೀಡ್ ಜೊತೆಗೆ ಪಾಸ್‌ಫ್ರೇಸ್ (ನಾವೇ ಆರಿಸುವ ಹೆಚ್ಚುವರಿ ಗುಪ್ತಪದ) ಕೊಡುವ ಅವಕಾಶ ಇದೆಯಲ್ಲ, ಅದರಲ್ಲಿ ಕನ್ನಡ ಟೈಪ್ ಮಾಡಲು ಬಿಡಬೇಡಿ. ನಿಯಮದ ಪ್ರಕಾರ ಪಾಸ್‌ಫ್ರೇಸನ್ನು ಮೊದಲು ಎನ್‌ಎಫ್‌ಕೆಡಿ (ಕೂಡಿದ ಚಿಹ್ನೆಗಳನ್ನು ಬಿಡಿಸಿಡುವ ಯೂನಿಕೋಡ್) ರೂಪಕ್ಕೆ ತರಬೇಕು. ಕನ್ನಡದ ಈ, ಏ, ಐ, ಒ, ಓ ಕಾರದ ಚಿಹ್ನೆಗಳು ಆಗ ಎರಡು ಮೂರು ತುಂಡಾಗುತ್ತವೆ. ಡಾರ್ಟ್‌ನ ಮೂಲ ಲೈಬ್ರರಿಯಲ್ಲಿ ಆ ಕೆಲಸಕ್ಕೆ ಏನೂ ಇಲ್ಲ, ಪ್ಯಾಕೇಜ್ ಹಾಕಬೇಕು. ಅದನ್ನು ಬಿಟ್ಟರೆ 'ಮೋಡ' ಅಂತ ಹಾಕಿದ ಪಾಸ್‌ಫ್ರೇಸ್ ನಿಮ್ಮ ಆ್ಯಪ್‌ನಲ್ಲಿ ಒಂದು ವಾಲೆಟ್, ಬೇರೆ ಆ್ಯಪ್‌ನಲ್ಲಿ ಇನ್ನೊಂದು ವಾಲೆಟ್ ತೆರೆಯುತ್ತದೆ. ಅದನ್ನು ಸರಿ ಮಾಡಿದರೂ ಅರ್ಧಾಕ್ಷರದ ಹತ್ತಿರ ಕೆಲವು ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಹಾಗೇ ಉಳಿಯುತ್ತದೆ. ಕೀಬೋರ್ಡ್ ಬದಲಾಯಿಸಿದ ದಿನ ಹಣ ಕಾಣುವುದಿಲ್ಲ.

ಗೊರೂರು_ರಸ್ತೆ, ಹಾಸನ

ಅಕ್ಕ, ಪಾಸ್‌ಫ್ರೇಸ್‌ಗೆ ಕನ್ನಡ ಬಿಡುವುದನ್ನೇ ಒಂದು ವಿಶೇಷ ಅಂತ ಹಾಕೋಣ ಅಂತಿದ್ದೆವು. ತೆಗೆದೆವು. ಸಂಖ್ಯೆ ತೋರಿಸುವುದು ಈ ವಾರವೇ ಸೇರಿಸುತ್ತೇವೆ.

ಸ್ಟೋರ್ ಬಗ್ಗೆ ಯಾರಾದರೂ ಹೇಳಿ.

ಲೆಕ್ಕದ_ಪುಸ್ತಕ, ಹಾಸನ

ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡುವವನು. ನಿಮ್ಮದು ಈಗ ಕಂಪನಿ ಆಗಿದೆಯಾ? ಆಪಲ್‌ನ ನಿಯಮದಲ್ಲಿ ವಾಲೆಟ್ ಆ್ಯಪ್‌ಗಳನ್ನು ಸಂಸ್ಥೆಯಾಗಿ ನೋಂದಾಯಿಸಿದ ಡೆವಲಪರ್‌ಗಳು ಮಾತ್ರ ಹಾಕಬಹುದು. ಗೂಗಲ್ ಪ್ಲೇ ಕೂಡ ಹಣಕಾಸಿನ ಆ್ಯಪ್‌ಗಳಿಗೆ ಸಂಸ್ಥೆಯ ಅಕೌಂಟ್ ಕೇಳುತ್ತದೆ, ಕ್ರಿಪ್ಟೋ ವಾಲೆಟ್ ಆ ಪಟ್ಟಿಯಲ್ಲಿದೆ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳಿ. ಡಿ-ಯು-ಎನ್-ಎಸ್ ನಂಬರ್ (ಸಂಸ್ಥೆಗಳ ಗುರುತಿನ ಸಂಖ್ಯೆ) ಬೇಕು, ಅದಕ್ಕೆ ಈಗಲೇ ಅರ್ಜಿ ಹಾಕಿ. ವಿಳಾಸ, ಹೆಸರು ಎಲ್ಲಾ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಕಾನೂನು ಕಡೆ: 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೋ ಸೇವೆಗಳು ಅಕ್ರಮ ಹಣ ತಡೆ ಕಾಯ್ದೆ ಕೆಳಗೆ ಬಂದಿವೆ. ಬೇರೆಯವರ ಪರವಾಗಿ ವಿನಿಮಯ, ವರ್ಗಾವಣೆ, ಕಾಪಿಡುವುದು ಇವನ್ನು ವ್ಯವಹಾರವಾಗಿ ಮಾಡುವವರು ಎಫ್‌ಐಯು (ಕೇಂದ್ರದ ಹಣಕಾಸು ಗುಪ್ತಚರ ಘಟಕ) ಹತ್ತಿರ ನೋಂದಾಯಿಸಬೇಕು. ಕೀ ಪೂರ್ತಿ ಬಳಸುವವರ ಕೈಯಲ್ಲೇ ಇರುವ ನಿಮ್ಮಂಥ ಆ್ಯಪ್ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತಗೊಳ್ಳಿ. 'ಕಾಯಿನ್ ಬದಲಾಯಿಸಿ' ಅನ್ನುವ ಬಟನ್ ಸೇರಿಸುವ ಆಸೆ ಬಂದರೆ ಮೊದಲು ಅವರನ್ನು ಕೇಳಿ, ಆಮೇಲೆ ಕೋಡ್ ಬರೆಯಿರಿ.

ಬಳಸುವವರಿಗೆ ತೆರಿಗೆ ಮಾತು ಒಂದು ಪುಟದಲ್ಲಿ ಹೇಳಿಬಿಡಿ. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇ. 30 ತೆರಿಗೆ. ಆ ವರ್ಷ ಜುಲೈ 1ರಿಂದ ಮಾರುವಾಗ ಶೇ. 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ವಾಲೆಟ್‌ನಿಂದ ಪೂರ್ತಿ ವ್ಯವಹಾರದ ಪಟ್ಟಿ ದಿನಾಂಕ ಸಮೇತ ಫೈಲ್ ಆಗಿ ಸಿಗುವ ಹಾಗೆ ಮಾಡಿದರೆ ನಮ್ಮಂಥವರು ನಿಮ್ಮನ್ನು ನೆನೆಯುತ್ತೇವೆ.

ಗೊರೂರು_ರಸ್ತೆ, ಹಾಸನ

ಕಂಪನಿ ಇನ್ನೂ ಆಗಿಲ್ಲ ಸರ್, ಪಾಲುದಾರಿಕೆಯಲ್ಲಿ ನಡೆಸುತ್ತಿದ್ದೇವೆ. ಎಲ್‌ಎಲ್‌ಪಿ ಕೆಲಸ ಮೊದಲು ಮುಗಿಸುತ್ತೇವೆ. ಪಟ್ಟಿಯ ಫೈಲ್ ಖಂಡಿತ ಕೊಡುತ್ತೇವೆ.

ಬಿಡುಗಡೆಗೆ ಮುಂಚೆ ಕೋಡ್ ಓಪನ್ ಸೋರ್ಸ್ ಮಾಡಬೇಕು ಅಂತ ನಿನ್ನೆ ಮೂವರೂ ತೀರ್ಮಾನ ಮಾಡಿದೆವು. ಹೊರಗಿನವರಿಂದ ಕೋಡ್‌ನ ಸೆಕ್ಯುರಿಟಿ ಆಡಿಟ್ ಆಗುವ ತನಕ ಅಸಲಿ ನೆಟ್‌ವರ್ಕ್ ಆನ್ ಮಾಡುವುದಿಲ್ಲ, ಟೆಸ್ಟ್‌ನೆಟ್ ಮಾತ್ರ. ಅಕ್ಕ, ಸೀಡ್ ಭಾಗವನ್ನಾದರೂ ನೀವು ಒಮ್ಮೆ ಓದುತ್ತೀರಾ? ಅದಕ್ಕೆ ತಕ್ಕ ಹಣ ಕೊಡುತ್ತೇವೆ.

ಮೂಡಿಗೆರೆ_ಮಳೆ, ಮೂಡಿಗೆರೆ

ಓದುತ್ತೇನೆ. ಹಣ ಬೇಡ, ಕನ್ನಡದಲ್ಲಿ ಇಂಥದ್ದು ಸರಿಯಾಗಿ ಆಗಬೇಕು ಅನ್ನುವುದು ನನಗೂ ಇದೆ. ಆದರೆ ನನ್ನ ಓದು ಆಡಿಟ್ ಅಲ್ಲ, ಅದನ್ನು ಬೇರೆ ಮಾಡಿಸಲೇಬೇಕು. ಮೊದಲು ಸೀಡ್ ಪದಗಳ ನಿಯಮವಾದ ಬಿಐಪಿ39ರ ಟೆಸ್ಟ್ ವೆಕ್ಟರ್‌ಗಳೆಲ್ಲ (ಉತ್ತರ ಮೊದಲೇ ಗೊತ್ತಿರುವ ಮಾದರಿ ಲೆಕ್ಕಗಳು) ಪಾಸ್ ಆಗಲಿ, ಆಮೇಲೆ ಕಳಿಸಿ.

ಫೈನಲ್_ಇಯರ್, ಹಾಸನ

ಅದೇ ವೆಕ್ಟರ್ ನಮ್ಮ ಪ್ರಾಜೆಕ್ಟ್‌ನಲ್ಲಿ ಮ್ಯಾಚ್ ಆಗ್ತಾ ಇಲ್ಲ ಅಕ್ಕ. ಪದಗಳು ಸರಿ ಬರುತ್ತವೆ, ಅವುಗಳಿಂದ ಲೆಕ್ಕ ಹಾಕಿದ ಸೀಡ್ ಮಾತ್ರ ಬೇರೆ. ಆ ಲೆಕ್ಕ ಮಾಡುವ ಪಿಬಿಕೆಡಿಎಫ್2 ಸುತ್ತು 2048 ಇಟ್ಟಿದ್ದೇನೆ, ಎಚ್‌ಮ್ಯಾಕ್ ಎಸ್‌ಎಚ್‌ಎ512. ಅದರ ಜೊತೆಗೆ ಬಟನ್ ಒತ್ತಿದಾಗ ಹಳೇ ಫೋನಿನಲ್ಲಿ ಪರದೆ ನಿಂತುಬಿಡುತ್ತದೆ.

ಮೂಡಿಗೆರೆ_ಮಳೆ, ಮೂಡಿಗೆರೆ

ಆ ವೆಕ್ಟರ್‌ಗಳಿಗೆಲ್ಲ ಒಂದು ಪಾಸ್‌ಫ್ರೇಸ್ ಇದೆ: ಟ್ರೆಜರ್, ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ. ನೀನು ಖಾಲಿ ಬಿಟ್ಟಿರುತ್ತೀಯ. ಪರದೆ ನಿಲ್ಲುವುದಕ್ಕೆ ಆ ಲೆಕ್ಕವನ್ನು ಐಸೊಲೇಟ್‌ಗೆ (ಪರದೆಯ ಕೆಲಸದಿಂದ ಬೇರೆಯಾಗಿ ಓಡುವ ಭಾಗ) ಹಾಕು.

ಫೈನಲ್_ಇಯರ್, ಹಾಸನ

ಹೌದು ಅಕ್ಕ, ಪಾಸ್‌ಫ್ರೇಸ್ ಹಾಕಿದ ತಕ್ಷಣ ಎಲ್ಲಾ ಮ್ಯಾಚ್ ಆಯಿತು. ಐಸೊಲೇಟ್ ಈಗ ನೋಡುತ್ತೇನೆ. ಗೊರೂರು ಅಣ್ಣ, ಆ ಟೆಸ್ಟ್ ಫೈಲ್ ನಿಮ್ಮ ರೆಪೋಗೂ ಕಳಿಸುತ್ತೇನೆ, ಪಬ್ಲಿಕ್ ಮಾಡಿದಾಗ ಹೇಳಿ.